ಓದುವುದಿಲ್ಲವೆಂಬ ಹರಕೆ

ಉಸಿಸ್ಯ
೧೫ ಅಕ್ಟೋಬರ್ ೨೦೧೯, ಮಂಗಳವಾರ

ನನ್ನ ಮಗಳು ಲುಸುಂಗುವಿಗೆ,

ಪ್ರಭುವಿನ ಶಾಂತಿ ನಿನ್ನ ಜೊತೆಗಿರಲಿ. ನಾವಿಬ್ಬರೂ ಕ್ಷೇಮ. ನಿನ್ನ ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ, ಆದರೂ ಹೊಸ ದೋಣಿಯೊಂದನ್ನು ಕಟ್ಟಿಕೊಡಲು ಒಪ್ಪಿಕೊಂಡಿದ್ದಾರೆ. ಈ ಸಲ ಸರೋವರದಲ್ಲಿ ಉಸಿಪ ಮೀನು ಚೆನ್ನಾಗಿ ಸಿಕ್ಕಿದೆ, ಒಣಗಿಸಿ ನಿನಗೊಂದು ಚೀಲ ಎತ್ತಿಟ್ಟಿದ್ದೇನೆ. ಇಷ್ಟು ಬರೆದು ಅರ್ಧ ಗಂಟೆ ಸುಮ್ಮನೆ ಕೂತೆ. ಹೇಳಬೇಕಾದ್ದನ್ನು ಬಿಟ್ಟು ಮೀನಿನ ಸುದ್ದಿ ಹೇಳುವುದು ನನಗೆ ರೂಢಿಯಾಗಿಬಿಟ್ಟಿದೆ.

ನಾನು ನಿನಗೆ ಸುಳ್ಳು ಹೇಳಿದೆ. ನೀನು ಬರೆದ ಕಥೆಪುಸ್ತಕ ಮಾರ್ಚ್‌ನಲ್ಲಿ ಜೋಂಬಾದಿಂದ ಬಂತು. ಓದಿದಿರಾ ಎಂದು ನೀನು ಫೋನಿನಲ್ಲಿ ಕೇಳಿದಾಗ, ಓದಿದೆ, ಕೊನೆಯಲ್ಲಿ ಅಳು ತಡೆಯಲಾಗಲಿಲ್ಲ ಎಂದುಬಿಟ್ಟೆ. ನೀನು, "ಅಮಾಮಾ, ಕೊನೇಲಿ ಒಂದು ಆಡು ಚರ್ಚಿನ ಪೀಠ ಹತ್ತಿ ಪಾಸ್ಟರ ಪ್ರಸಂಗದ ಹಾಳೇನ ತಿನ್ನತ್ತೆ. ಅದಕ್ಕೆ ಯಾರಾದ್ರೂ ಅಳ್ತಾರಾ?" ಎಂದು ಕೇಳಿ ಫೋನ್ ಇಟ್ಟುಬಿಟ್ಟೆ. ಅಂದಿನಿಂದ ಏಳು ತಿಂಗಳು ನೀನು ನನ್ನ ಕರೆ ಎತ್ತಿಲ್ಲ. ನಿನ್ನ ತಪ್ಪಿಲ್ಲ. ಪುಸ್ತಕ ಚರ್ಚಿನ ಮಹಿಳಾ ಗಿಲ್ಡಿಗೆ ನಾನು ತೊಡುವ ಬಿಳಿ ರವಿಕೆಯ ಕೆಳಗೆ, ಟ್ರಂಕಿನಲ್ಲಿತ್ತು. ಅದರ ಮೊದಲ ಪುಟವನ್ನೂ ನಾನು ತೆರೆದಿರಲಿಲ್ಲ.

ಏಕೆಂದು ಈಗ ಹೇಳುತ್ತೇನೆ. ಫೋನಿನಲ್ಲಿ ನನ್ನ ನಾಲಿಗೆ ಜಾರುತ್ತದೆ, ಅದಕ್ಕೇ ಈ ಕಾಗದ.

ನಿನಗೆ ಐದು ವರ್ಷವಾಗಿದ್ದಾಗ ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮಿಷನ್ ಶಾಲೆಯ ಕೋಣೆಯೊಂದರಲ್ಲಿ ಎರಡು ಕಪಾಟು ಕಥೆಪುಸ್ತಕಗಳಿದ್ದವು, ಅವನ್ನು ನಾನು ಒಂದು ಕಡೆಯಿಂದ ಮುಗಿಸುತ್ತಾ ಬಂದಿದ್ದೆ. ಒಂದು ಕೈಯಲ್ಲಿ ನ್ಸಿಮಾ ಮುದ್ದೆ ತಿರುವುತ್ತಾ ಇನ್ನೊಂದು ಕೈಯಲ್ಲಿ ಪುಸ್ತಕ. ತಳ ಹಿಡಿದರೆ ನಿನ್ನ ಅಪ್ಪ, "ಇವತ್ತಿನ ಕಥೇಲಿ ಯಾರಿಗಾದ್ರೂ ಮದುವೆ ಆಯ್ತಾ, ಇಲ್ಲ ಬರೀ ನಮ್ಮ ಊಟ ಸುಟ್ಟಿದ್ದೇನಾ?" ಎಂದು ಕಾಡುತ್ತಿದ್ದರು. ಎಷ್ಟು ನಗುತ್ತಿದ್ದೆವು! ಅಂಥ ಒಂದು ಮಧ್ಯಾಹ್ನ ನೀನು ಬಂದು ತಲೆ ನೋಯುತ್ತದೆ ಎಂದೆ. ಕಥೆ ಒಳ್ಳೇ ಘಟ್ಟದಲ್ಲಿತ್ತು. ಇರು ಮಗೂ, ಈ ಅಧ್ಯಾಯ ಮುಗೀಲಿ ಎಂದೆ. ನೀನು ಜಾಣೆ, ಹೋಗಿ ಚಾಪೆಯ ಮೇಲೆ ಮಲಗಿದೆ. ನಾನು ಇನ್ನೂ ಎರಡು ಅಧ್ಯಾಯ ಓದಿದೆ. ಎದ್ದು ಬಂದು ನೋಡಿದರೆ ನಿನ್ನ ಕಣ್ಣಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು, ಕೈಕಾಲು ಸೆಟೆದಿದ್ದವು.

ಮಲೇರಿಯಾ ಮಿದುಳಿಗೆ ಏರಿದೆ ಎಂದರು ಆಸ್ಪತ್ರೆಯಲ್ಲಿ. ನಾಲ್ಕು ದಿನ ನೀನು ಎಚ್ಚರವಾಗಲಿಲ್ಲ. ನಾಲ್ಕನೆಯ ದಿನ ನಿನ್ನ ಮಂಚದ ಪಕ್ಕ ಮೊಣಕಾಲೂರಿ ದೇವರಿಗೆ ಹರಕೆ ಹೊತ್ತೆ: ಈ ಮಗುವನ್ನು ಉಳಿಸಿಕೊಡು, ನಿನ್ನ ವಾಕ್ಯ ಬಿಟ್ಟು ಇನ್ನಾವ ಪುಸ್ತಕವನ್ನೂ ಸಂತೋಷಕ್ಕಾಗಿ ಓದುವುದಿಲ್ಲ, ಸಾಯುವವರೆಗೂ. ಮರುದಿನ ಬೆಳಿಗ್ಗೆ ನೀನು ಗಂಜಿ ಕೇಳಿದೆ.

ಅದಕ್ಕೇ ಹನ್ನೆರಡನೆಯ ವಯಸ್ಸಿನಲ್ಲಿ ನಿನಗೆ ಬಹುಮಾನವಾಗಿ ಬಂದ ಕಥೆಪುಸ್ತಕವನ್ನು ಪಾಸ್ಟರ ಹೆಂಡತಿಗೆ ಕೊಟ್ಟುಬಿಟ್ಟೆ. ಅದು ಮನೆಯಲ್ಲಿದ್ದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ನೀನು ಮೂರು ದಿನ ಊಟ ಬಿಟ್ಟೆ. ಕಾರಣ ಹೇಳಿದ್ದರೆ ನೀನು ಜನ್ಮವಿಡೀ ಆ ಮಧ್ಯಾಹ್ನವನ್ನು ಹೊತ್ತು ತಿರುಗಬೇಕಾಗುತ್ತಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಲೇ? ನಾಚಿಕೆಯಿಂದ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ, ನಿನ್ನ ಅಪ್ಪನಿಗೂ.

ಈ ವರ್ಷ ನಮ್ಮ ಗಿಲ್ಡಿನ ಹೆಂಗಸರು ದೇವರ ವಾಕ್ಯವನ್ನು ಮೊದಲಿನಿಂದ ಕೊನೆವರೆಗೆ ಹಂಚಿಕೊಂಡು ಓದುತ್ತಿದ್ದೇವೆ. ಪ್ರತಿ ಗುರುವಾರ ಒಬ್ಬೊಬ್ಬರು ತಮ್ಮ ಪಾಲಿನದನ್ನು ವಿವರಿಸಬೇಕು. ಅಧ್ಯಕ್ಷೆ ನ್ಯಾಗೊಂಡ್ವೆ ರಾಜರು, ಯುದ್ಧಗಳು ಎಲ್ಲ ತನ್ನ ಪಾಲಿಗೆ ಇಟ್ಟುಕೊಂಡು, "ನೀವು ಟೀಚರ್ ಆಗಿದ್ದೋರು ಕಣ್ರೀ, ಮೋಶೆಯ ಒಣ ಕಾಯಿದೆ ಎಲ್ಲ ನಿಮಗೇ ಇರ್ಲಿ. ನಮಗೆ ಓದ್ತಾ ಓದ್ತಾ ನಿದ್ದೆ ಬರತ್ತೆ" ಎಂದಳು. ಆ ಒಣ ಕಾಯಿದೆಯಲ್ಲಿ ಹೆಂಗಸರ ಹರಕೆಯ ನಿಯಮವೊಂದು ಸಿಕ್ಕಿತು. ಹೆಂಡತಿಯ ಹರಕೆ ಗಂಡನ ಕಿವಿಗೆ ಬಿದ್ದ ದಿನವೇ ಅವನು ಬೇಡವೆಂದರೆ ಅದು ರದ್ದು, ದೇವರು ಅವಳನ್ನು ಕ್ಷಮಿಸುತ್ತಾನೆ. ಅವನು ಸುಮ್ಮನಿದ್ದರೆ ಹರಕೆ ಹಾಗೇ ಉಳಿಯುತ್ತದೆ. ನಾನು ಅಲ್ಲಿಗೇ ಓದು ನಿಲ್ಲಿಸಿದೆ. ನನಗೆ ಅಷ್ಟು ಸಾಕಾಗಿತ್ತು.

ಶನಿವಾರ ಬೆಳಿಗ್ಗೆ ನಿನ್ನ ಅಪ್ಪ ದೋಣಿಯ ಹಲಗೆ ಹೆರೆಯುತ್ತಿದ್ದರು. ಎದುರಿಗೆ ನಿಂತು ಎಲ್ಲ ಹೇಳಿದೆ, ಸತ್ಯವೇದ ತೆರೆದು ನಿಯಮವನ್ನೂ ಓದಿದೆ. ಅವರು ಹೆರೆಯುವುದನ್ನು ನಿಲ್ಲಿಸಿದರು, ಮಾತಾಡಲಿಲ್ಲ. "ಇವತ್ತೇ ಹೇಳ್ಬೇಕು ಮಾರಾಯ್ರೆ, ಸುಮ್ನಿದ್ರೆ ಒಪ್ಪಿದ ಹಾಗೆ" ಎಂದೆ. "ಪುಸ್ತಕ ಇಲ್ಲಿಟ್ಟು ಹೋಗು" ಎಂದರು, ಅಷ್ಟೆ. ನಿನ್ನ ಅಪ್ಪನ ಬಾಯಿ ನಿನಗೆ ಗೊತ್ತಲ್ಲ, ನಿನ್ನ ಆ ಕಾಯಿಲೆಯ ವರ್ಷದಿಂದ ಒಂದೊಂದು ಮಾತಿಗೂ ಒಂದೊಂದು ಮೊಳೆ ಕೀಳಬೇಕು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಬಿಸಿಲು ಗುಡ್ಡದ ಅಂಚಿಗೆ ಹೋಯಿತು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯ. ಹರಕೆ ಮುರಿದರೆ ನಿನಗೇನಾದೀತೋ ಎಂದು ಇವರೂ ಹೆದರುತ್ತಿದ್ದಾರೆ ಅನಿಸಿತು, ಹೆದರಿದರೆ ಬೈಯುವ ಹಾಗೂ ಇಲ್ಲ.

ಸೂರ್ಯ ಮುಳುಗಲು ಇನ್ನೂ ಒಂದು ಬೆರಳು ಇರುವಾಗ ಬಂದರು. ಕೈಕಾಲು ತೊಳೆದು, ಚರ್ಚಿನ ಹಿರಿಯರಾಗಿ ತಾವು ತೊಡುವ ಕರಿ ಕೋಟು ಹಾಕಿಕೊಂಡು ಅಂಗಳದಲ್ಲಿ ನಿಂತರು. "ನ್ಯಾಮುಂಥಾಲಿ, ಕೇಳು. ನಿನ್ನ ಹರಕೆ ನಾನು ಕೇಳಿದೀನಿ. ನನಗೆ ಒಪ್ಪಿಗೆ ಇಲ್ಲ. ಅದು ಇವತ್ತಿಗೆ ಮುಗೀತು. ದೋಷ ಏನಿದ್ರೂ ನನ್ನ ಮೇಲಿರ್ಲಿ" ಎಂದರು. ಕೊನೆಯ ಮಾತು ಗಾಂಭೀರ್ಯಕ್ಕೆ ಸೇರಿಸಿದ್ದು ಎಂದುಕೊಂಡೆ. ನಾನು ಅಲ್ಲೇ ಕೂತು ಚಿಕ್ಕ ಹುಡುಗಿಯ ಹಾಗೆ ಅತ್ತೆ.

ಭಾನುವಾರ ಆರಾಧನೆ ಮುಗಿಸಿ ಬಂದು ನಿನ್ನ ಪುಸ್ತಕ ತೆಗೆದೆ. ಮೊದಲ ಪುಟ ಓದುವಷ್ಟರಲ್ಲಿ ನಿನಗೇನಾದರೂ ಆಯಿತೇನೋ ಅನಿಸಿತು. ನ್ಯಾಗೊಂಡ್ವೆಯ ಮನೆಗೆ ಓಡಿ, ಅವಳ ಫೋನಿನಿಂದ ನಿನಗೆ ಕರೆ ಮಾಡಿದೆ. ನೀನು ಹಲೋ ಹಲೋ ಎಂದೆ. ನಾನು ಇಟ್ಟುಬಿಟ್ಟೆ. ಹೀಗೇ ಮೂರನೆಯ ಸಲ ಮಾಡಿದಾಗ ನೀನು, "ಯಾರ್ರೀ ಅದು, ಫೋನಲ್ಲಿ ದುಡ್ಡು ಹೆಚ್ಚಾಗಿದ್ಯಾ?" ಎಂದು ಗದರಿದೆ. ಸದ್ಯ, ಮಗಳು ಗಟ್ಟಿಯಾಗಿದ್ದಾಳೆ ಎಂದುಕೊಂಡು ಮನೆಗೆ ಬಂದು ಕತ್ತಲಾಗುವವರೆಗೆ ಓದಿದೆ. ನ್ಸಿಮಾ ತಳ ಹಿಡಿಯಿತು. ನಿನ್ನ ಅಪ್ಪ ಈ ಸಲ ಕಾಡದೆ ಸೀದದ್ದನ್ನು ತಿಂದರು.

ಲುಸುಂಗು, ಪುಸ್ತಕ ಚೆನ್ನಾಗಿದೆ. ಮಳೆಗಾಲದಲ್ಲಿ ಉಸಿಪ ಒಂದೇ ದಿನಕ್ಕೆ ಒಣಗುವುದಿಲ್ಲ, ಅದೊಂದು ತಿದ್ದಿಕೋ. ಆಡಿನ ಜಾಗದಲ್ಲಿ ನಾನು ಜೋರಾಗಿ ನಕ್ಕೆ, ಪಕ್ಕದ ಮನೆಯವರು ಏನಾಯಿತೆಂದು ಬಂದರು. ಆದರೆ ಮಗಳ ಓದನ್ನು ಕಂಡರೆ ಮುಖ ತಿರುಗಿಸುವ ಆ ತಾಯಿ ಇದ್ದಾಳಲ್ಲ, ಅವಳು ನಾನೇ. ಅವಳು ಬಂದ ಪುಟಗಳನ್ನು ಎರಡು ಸಲ ಓದಿದೆ. ನೀನು ಸುಳ್ಳು ಬರೆದಿಲ್ಲ. ಅವಳು ಹಾಗೇಕೆ ಎಂದು ನಿನಗೆ ತಿಳಿದಿರಲಿಲ್ಲ, ತಿಳಿಸಬೇಕಾದವಳು ನಾನು. ನನ್ನನ್ನು ಕ್ಷಮಿಸು.

ಉತ್ತರ ಬರೆಯುವುದು ಬಿಡುವುದು ನಿನ್ನಿಷ್ಟ. ಬರೆದರೆ, ಇನ್ನೆರಡು ಕಥೆಪುಸ್ತಕ ಕಳಿಸು. ದಪ್ಪನೆಯವು.

ಇಂತಿ ನಿನ್ನ ಓದುಗಾರ್ತಿಯೂ ಆದ ತಾಯಿ,
ನ್ಯಾಮುಂಥಾಲಿ

ಮತ್ತೆ ಸೇರಿಸಿದ್ದು, ಬುಧವಾರ ಬೆಳಿಗ್ಗೆ: ಈ ಕಾಗದವನ್ನು ಅಂಚೆ ಒಯ್ಯುವ ದೋಣಿಗೆ ಕೊಡುವ ಮುಂಚೆ ನಾಳೆಯ ಪಾಠಕ್ಕೆಂದು ಆ ಅಧ್ಯಾಯವನ್ನು ಕೊನೆವರೆಗೆ ಓದಿದೆ. ಗಂಡ ಹರಕೆಯನ್ನು ಮೊದಲೇ ಕೇಳಿ ಸುಮ್ಮನಿದ್ದು, ಎಷ್ಟೋ ದಿನದ ಮೇಲೆ ರದ್ದು ಮಾಡಿದರೆ ಹೆಂಡತಿಯ ದೋಷವನ್ನು ಅವನೇ ಹೊರಬೇಕಂತೆ. ಅಂಗಳದಲ್ಲಿ ಅವರು ಆಡಿದ ಕೊನೆಯ ಮಾತು ನೆನಪಾಯಿತು. ಹೋಗಿ ಕೇಳಿದೆ. ನಿನ್ನ ಅಪ್ಪ ತಲೆ ಎತ್ತದೆ ಹೇಳಿದರು: "ಅವತ್ತು ಆಸ್ಪತ್ರೇಲಿ ನಿನಗೆ ನೀರು ತಂದು ಬಾಗಿಲಲ್ಲೇ ನಿಂತಿದ್ದೆ. ಎಲ್ಲಾ ಕೇಳಿಸ್ತು. ಬೇಡ ಅನ್ನೋಕೆ ಧೈರ್ಯ ಬರ್ಲಿಲ್ಲ, ಹುಡುಗಿ ಉಳೀಬೇಕಿತ್ತಲ್ಲ. ಇಪ್ಪತ್ತೆರಡು ವರ್ಷ ನಿನ್ನ ಓದು ಕಟ್ಟಿಹಾಕಿ ಕೂತೋನು ನಾನು. ಶನಿವಾರ ಅಧ್ಯಾಯ ಪೂರ್ತಿ ಓದಿದ ಮೇಲೇನೇ ಕೋಟು ಹಾಕ್ಕೊಂಡಿದ್ದು." ಕ್ಷಮೆ ನನಗೆ ಬರೆದಿದೆ, ಅವರಿಗೆ ಬರೆದಿಲ್ಲ. ಬೇಗ ಬಾ ಮಗಳೇ. ಈ ವಿಷಯ ಎತ್ತಬೇಡ, ಸುಮ್ಮನೆ ಅವರ ಪಕ್ಕದಲ್ಲಿ ಕೂತುಕೋ.