ಕೊನೆಯ ಎರಡನೇ ಶನಿವಾರ

ಜುಲೈ 14, ಸೋಮವಾರ
ಆಫೀಸಿನ ಊಟದ ಬಿಡುವು

ನನ್ನ ಮೆಣಸಿನಕಾಯಿಗೆ, ನಿನ್ನ ಆಮೆಯಿಂದ ಮೂರು ವರ್ಷ ತಡವಾದ ನೆನಪುಗಳು.

ಚೆನ್ನಾಗಿದ್ದೀಯಾ ಎಂದು ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ. ಇ-ಮೇಲ್ ಕಳಿಸಬಹುದಿತ್ತು. ಆದರೆ ನನ್ನ ಹೆಸರಿನ ಮೇಲ್ ಎಂದರೆ ‘ಈ ತಿಂಗಳ ಕೂಟಕ್ಕೆ ದಯವಿಟ್ಟು ಹೆಸರು ನೋಂದಾಯಿಸಿ’ ಎಂದೇ ಜನರಿಗೆ ಅಭ್ಯಾಸವಾಗಿಬಿಟ್ಟಿದೆ. ನೀನೂ ಓದದೆ ಅಳಿಸಿಬಿಟ್ಟೀಯ ಎಂದು ಕಾಗದ ಹಿಡಿದೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಸಹಿಸಿಕೊ.

ನಮ್ಮ ಎರಡನೇ ಶನಿವಾರದ ಕೂಟ ಮೊನ್ನೆ ಮುಗಿಯಿತು. ಆ ದಿನದ್ದು ಮಾತ್ರ ಅಲ್ಲ, ಪೂರ್ತಿ ಮುಗಿಯಿತು. ನಾನೇ ನಿಲ್ಲಿಸಿದೆ.

ಬೇಜಾರಿನಿಂದ ನಿಲ್ಲಿಸಿದೆ ಎಂದುಕೊಳ್ಳಬೇಡ, ಸುಸ್ತಿನಿಂದ. ಬೆಳಿಗ್ಗೆ ಎದ್ದಾಗಲೇ ಸಂಜೆಯಾದಂತೆ ಅನ್ನಿಸುವ ಸುಸ್ತು. ಆಫೀಸಿನಲ್ಲಿ ಎಂಟು ಗಂಟೆ ನೀರು ಸರಬರಾಜಿನವರ ದೂರು ದಾಖಲಿಸುವ ಸಾಫ್ಟ್‌ವೇರ್ ರಿಪೇರಿ ಮಾಡಿ ಬಂದು, ಮನೆಯಲ್ಲಿ ಮತ್ತೆ ಕಂಪ್ಯೂಟರ್ ತೆರೆದು ಭಾಷಣಕಾರರ ಬೆನ್ನು ಹತ್ತುವುದು. ‘ಖಂಡಿತಾ ಬರ್ತೀನಿ’ ಎಂದವರು ಶನಿವಾರ ಬೆಳಿಗ್ಗೆ ‘ಸ್ವಲ್ಪ ಜ್ವರ ಇದ್ದಂಗಿದೆ’ ಎನ್ನುವುದು. ಕೂಟ ಮುಗಿದ ಮೇಲೆ ಹತ್ತು ಜನ ಬಂದು ‘ತುಂಬಾ ಒಳ್ಳೇ ಕೆಲಸ ಮಾಡ್ತಿದೀರಿ, ಮುಂದಿನ ಸಲ ನಾವೂ ಕೈಜೋಡಿಸ್ತೀವಿ’ ಎಂದು ಹೇಳಿ, ಕುರ್ಚಿ ಜೋಡಿಸುವ ಹೊತ್ತಿಗೆ ಮಂಗಮಾಯ. ಇದನ್ನೆಲ್ಲ ನಿನಗೆ ಹೇಳಬೇಕೆ? ಎಂಟು ವರ್ಷ ನೀನೂ ಇದೇ ಕುರ್ಚಿಗಳನ್ನು ಎತ್ತಿದವಳು.

ಮೊದಲ ಕೂಟ ನೆನಪಿದೆಯಾ? ಗ್ರಂಥಾಲಯದ ಮಹಡಿಯ ಹಾಲ್, ಐವತ್ತು ಕುರ್ಚಿ, ನಾಲ್ಕು ಜನ. ಅದರಲ್ಲಿ ಇಬ್ಬರು ನಾವೇ. ಮೂರನೆಯವನು ನಿನ್ನ ಸಹೋದ್ಯೋಗಿ, ನೀನು ರಟ್ಟೆ ಹಿಡಿದು ಎಳೆದುಕೊಂಡು ಬಂದದ್ದು. ನಾಲ್ಕನೆಯವರು ಕೆಟ್ಟ ಪ್ರಿಂಟರ್ ಹೊತ್ತುಕೊಂಡು ಬಂದ ನಿವೃತ್ತ ಲೆಕ್ಕಿಗರು. ‘ಕಂಪ್ಯೂಟರ್ ಬಲ್ಲವರ ಕೂಟ’ ಎಂಬ ಚೀಟಿ ಓದಿ, ಇಲ್ಲಿ ರಿಪೇರಿ ಮಾಡಿಕೊಡುತ್ತಾರೆ ಎಂದುಕೊಂಡಿದ್ದರು. ನೀನು ನಗದೆ ಕೂತು ಆ ಪ್ರಿಂಟರ್ ಬಿಚ್ಚಿದೆ. ಅವರು ಆರು ವರ್ಷ ತಪ್ಪದೆ ಬಂದರು. ಪ್ರೋಗ್ರಾಂ ಬರೆಯಲೂ ಕಲಿತರು.

ನೀನು ಬಾಗಿಲಲ್ಲಿ ನಿಲ್ಲುತ್ತಿದ್ದೆ, ನಾನು ಒಳಗೆ ಪಟ್ಟಿ ಹಿಡಿದು ಕೂರುತ್ತಿದ್ದೆ. ಹೊಸಬರು ಯಾರಾದರೂ ಮೆಟ್ಟಿಲ ಮೇಲೆ ಅನುಮಾನಿಸುತ್ತಾ ನಿಂತರೆ, ‘ಬನ್ನಿ ಬನ್ನಿ, ನನಗೂ ಏನೂ ಬರಲ್ಲ, ಪಕ್ಕದಲ್ಲಿ ಕೂತ್ಕೊಳ್ಳಿ’ ಎಂದು ನೀನೇ ಒಳಗೆ ಕರೆತರುತ್ತಿದ್ದೆ. ಕೂಟವನ್ನು ನಡೆಸುತ್ತಿದ್ದವಳು ನಾನು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ನೀನು ಹೋದ ಮೇಲೆ ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ. ಹೊಸಬರು ಒಂದು ಸಲ ಬಂದು ಮತ್ತೆ ಬರುತ್ತಿರಲಿಲ್ಲ. ವಿಷಯ ಚೆನ್ನಾಗಿಲ್ಲವೇನೋ, ಸಮಯ ಸರಿಯಿಲ್ಲವೇನೋ ಎಂದು ನಾನು ಪ್ರಶ್ನಾವಳಿ ಕಳಿಸುತ್ತಾ ಕೂತೆ.

ಈಗ ಮೂರು ವರ್ಷದ ಹಿಂದಿನ ನಮ್ಮ ಸಮಾವೇಶದ ದಿನದ ಮಾತು. ಎತ್ತಬಾರದು ಎಂದುಕೊಂಡಿದ್ದೆ, ಆದರೆ ಅದಿಲ್ಲದೆ ಈ ಪತ್ರಕ್ಕೆ ಅರ್ಥವಿಲ್ಲ.

ಗ್ರಂಥಾಲಯದ ಹಾಲ್ ಸಾಲದೆ ಒಂದು ಕಂಪನಿಯ ಹಾಲ್ ಕೇಳಿ ಪಡೆದಿದ್ದೆವು; ಮುನ್ನೂರೈವತ್ತು ಜನ. ನಮ್ಮ ಜೀವಮಾನದ ಅತಿ ದೊಡ್ಡ ಸಭೆ. ಬೆಳಿಗ್ಗೆ ಆ ಬಸ್ ಡಿಪೋದ ಹುಡುಗಿ ಮೊದಲ ಸಲ ವೇದಿಕೆ ಹತ್ತಿದ್ದಳು. ಡಿಪೋದಲ್ಲಿ ಗುಮಾಸ್ತೆ, ಸ್ವಂತವಾಗಿ ಪ್ರೋಗ್ರಾಂ ಬರೆಯಲು ಕಲಿತವಳು. ರಾತ್ರಿ ಪಾಳಿ ಮುಗಿಸಿದ ಚಾಲಕನಿಗೆ ಮರುದಿನ ಬೆಳಿಗ್ಗೆಯೇ ಮತ್ತೆ ಬಸ್ ಹತ್ತಿಸದ ಹಾಗೆ ಪಾಳಿ ಹಂಚುವ ಪ್ರೋಗ್ರಾಂ. ಅವಳಿಂದ ಎರಡು ತಿಂಗಳು ಅಭ್ಯಾಸ ಮಾಡಿಸಿದವಳು ನೀನು. ಎದುರಿನ ಸಾಲಿನಲ್ಲಿ ಆ ದೊಡ್ಡ ಮನುಷ್ಯ ಕೂತಿದ್ದ, ಮಧ್ಯಾಹ್ನದ ಮುಖ್ಯ ಭಾಷಣಕಾರ. ಅವಳ ಮಾತಿನ ಮಧ್ಯೆಯೇ ಕೈ ಎತ್ತಿ, ‘ಇದನ್ನ ನೀವೇ ಬರೆದಿದ್ದಾ, ಮನೇಲಿ ಯಾರಾದ್ರೂ ಬರೆದುಕೊಟ್ಟಿದ್ದಾ?’ ಎಂದು ಕೇಳಿದ. ಸಭೆ ನಕ್ಕಿತು. ಅವಳು ಏನೋ ಹೇಳಹೋದಳು. ‘ಪರವಾಗಿಲ್ಲ, ನನ್ನ ಮಗಳಿಗೆ ಹತ್ತು ವರ್ಷ, ಅವಳೂ ಇಷ್ಟು ಬರೀತಾಳೆ’ ಎಂದ. ಇನ್ನಷ್ಟು ನಗು. ಅವಳು ಲ್ಯಾಪ್‌ಟಾಪ್ ಮಡಚಿ, ಪಕ್ಕದ ಬಾಗಿಲಿನಿಂದ ಹೊರಟುಹೋದಳು. ಮೈಕ್ ನನ್ನ ಕೈಯಲ್ಲಿತ್ತು. ‘ಈಗ ಚಹಾ ವಿರಾಮ’ ಎಂದೆ.

ಚಹಾದ ಮೇಜಿನ ಹಿಂದೆ ನೀನು ನನ್ನನ್ನು ತಡೆದು, ‘ಮಧ್ಯಾಹ್ನ ಅವನನ್ನ ಸ್ಟೇಜ್ ಹತ್ತಿಸಬೇಡ ಕಣೇ’ ಎಂದೆ. ‘ಹಾಲ್ ಕೊಟ್ಟಿರೋದೇ ಅವರ ಕಂಪನಿ, ಈಗ ಬೇಡ ಅನ್ನೋದು ಹೇಗೆ?’ ಎಂದೆ ನಾನು. ನೀನು ಕೊರಳಿನ ಹೆಸರುಪಟ್ಟಿ ತೆಗೆದು ಕಪ್ಪುಗಳ ಪಕ್ಕ ಇಟ್ಟು ನಡೆದುಬಿಟ್ಟೆ. ಅವನು ಮುಕ್ಕಾಲು ಗಂಟೆ ಮಾತಾಡಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ.

ವಾರದ ನಂತರ ನೀನು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ‘ಆ ಹುಡುಗಿ ಏನಾದ್ರೂ ಹೇಳಿದ್ಲಾ?’ ‘ಏನೂ ಇಲ್ಲ. ಅವಳೇ ಮರೆತಿದಾಳೆ, ನೀನ್ಯಾಕೆ ಕೆದಕ್ತೀಯ?’ ಎಂದೆ. ನೀನು ಫೋನ್ ಇಟ್ಟೆ. ನಮ್ಮಿಬ್ಬರ ಕೊನೆಯ ಮಾತು ಅದು.

ಅದು ಸುಳ್ಳು. ಅವಳು ಬರೆದಿದ್ದಳು. ಸಮಾವೇಶವಾದ ಎರಡನೆಯ ದಿನವೇ ನನಗೊಂದು ಮೇಲ್ ಬಂದಿತ್ತು, ಅಚ್ಚು ಹಾಕಿದರೆ ಎರಡು ಪುಟ. ಬೈಗುಳವಿಲ್ಲ, ಅಳುವಿಲ್ಲ. ‘ಅವರಿಗೆ ಶಿಕ್ಷೆ ಆಗಲಿ ಅಂತ ನಾನು ಕೇಳ್ತಿಲ್ಲ. ಅದನ್ನು ನಾನೇ ಬರೆದದ್ದು ಅಂತ ಯಾರಾದರೂ ಒಂದು ಸಲ ಎಲ್ಲರೆದುರು ಹೇಳಿದರೆ ಸಾಕು’ ಎಂದು ಕೊನೆಯಲ್ಲಿತ್ತು. ನಾನು ಓದಿದೆ. ಇನ್ನೊಮ್ಮೆ ಓದಿದೆ. ಉತ್ತರ ಬರೆಯಲಿಲ್ಲ. ಯಾರಿಗೂ ತೋರಿಸಲಿಲ್ಲ. ಇದರ ಜೊತೆ ಅಚ್ಚು ಹಾಕಿ ಇಟ್ಟಿದ್ದೇನೆ. ಓದು, ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು.

ಇದನ್ನು ಈಗ ಏಕೆ ಒಪ್ಪಿಕೊಳ್ಳುತ್ತಿದ್ದೇನೆ ಎಂದು ನೀನು ಕೇಳೇ ಕೇಳುತ್ತೀಯ. ನಾನಾಗಿ ಒಪ್ಪಿಕೊಳ್ಳುತ್ತಿಲ್ಲ. ಮೊನ್ನೆ ಅವಳು ಬಂದಿದ್ದಳು.

ಕೊನೆಯ ಕೂಟಕ್ಕೆ ಏಳು ಜನ. ನಾನು ವಿದಾಯದ ನಾಲ್ಕು ಮಾತು ಹೇಳುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಬಂದು ಕೂತಳು. ಉಳಿದವರು ಫೋಟೊ ತೆಗೆಸಿಕೊಂಡು ಹೊರಟ ಮೇಲೆ, ಯಾರೂ ಹೇಳದೆಯೇ ಕುರ್ಚಿ ಮಡಚತೊಡಗಿದಳು.

‘ನನ್ನ ಗುರುತು ಸಿಕ್ತಾ ಮೇಡಂ?’ ಎಂದಳು. ಸಿಕ್ತು ಎಂದೆ.

‘ಈ ಹಾಲ್ ಬಿಟ್ಟುಕೊಡ್ತಿದೀರಂತೆ. ನಮಗೆ ಬೇಕಿತ್ತು.’

ನಮಗೆ ಅಂದರೆ ಯಾರಿಗೆ ಎಂದು ಕೇಳಿದೆ. ಆಗ ನಿನ್ನ ಮನೆಯ ವಿಷಯ ಹೇಳಿದಳು. ಪ್ರತಿ ಭಾನುವಾರ ಮೂರು ಗಂಟೆಗೆ ನಿನ್ನ ಊಟದ ಮೇಜಿನ ಸುತ್ತ. ಮೊದಲು ನೀನು ಮತ್ತು ಅವಳು ಇಬ್ಬರೇ, ಈಗ ಹತ್ತೊಂಬತ್ತು ಜನ. ಹೋದ ತಿಂಗಳು ಜಾಗ ಸಾಲದೆ ನಾಲ್ಕು ಜನ ಮೆಟ್ಟಿಲ ಮೇಲೆ ಮೊಣಕಾಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರಂತೆ, ಕೆಳಗಿನ ಮನೆಯಾಕೆ ‘ಇದೇನು ಮನೆಯೋ ಚಪ್ಪಲಿ ಅಂಗಡಿಯೋ’ ಎಂದು ಜಗಳ ತೆಗೆದರಂತೆ. ಕೇಳಿ ನಗು ಬಂತು. ಆಮೇಲೆ ನೆನಪಾಯಿತು. ನೀನು ಕೂಟದ ಕೆಲಸವನ್ನು ನಡುವೆಯೇ ಬಿಟ್ಟುಹೋದೆ ಎಂದು ಮೂರು ವರ್ಷ ಸಿಕ್ಕಸಿಕ್ಕವರಿಗೆ ಹೇಳಿದವಳು ನಾನು.

‘ನನಗೆ ಯಾರೂ ಹೇಳಲೇ ಇಲ್ಲ’ ಎಂದೆ.

‘ಅಕ್ಕನೇ ಬೇಡ ಅಂದ್ರು. ಅವಳಿಗೆ ಇರೋ ಕೆಲಸವೇ ಬೆಟ್ಟದಷ್ಟಿದೆ, ಇದನ್ನ ಕೇಳಿ ನೊಂದ್ಕೋತಾಳೆ ಅಂತ.’

ನನ್ನ ಬಗ್ಗೆ ಒಂದು ಕೆಟ್ಟ ಮಾತನ್ನೂ ನೀನು ಆಡಿಲ್ಲವಂತೆ. ಆಡಬೇಕಿತ್ತು ಕಣೇ. ಆಗ ನನಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತಿತ್ತು.

ಆಮೇಲೆ ಅವಳು, ‘ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಾನು ಒಂದು ಮೇಲ್ ಬರೆದಿದ್ದೆ. ನಿಮಗೆ ಸಿಕ್ಕಿತ್ತಾ?’ ಎಂದಳು.

ಸಿಕ್ಕಿರಲಿಲ್ಲ ಎನ್ನುವುದು ಎಷ್ಟು ಸುಲಭವಿತ್ತು! ನಾಲಿಗೆ ತುದಿಗೆ ಬಂದಿತ್ತು. ಆದರೆ ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು, ನನಗೆ ಇನ್ನೊಂದು ಸುಳ್ಳನ್ನು ಹೊರುವಷ್ಟು ತ್ರಾಣ ಉಳಿದಿರಲಿಲ್ಲ. ‘ಸಿಕ್ಕಿತ್ತು. ಓದಿದೆ’ ಎಂದೆ.

‘ಓ’ ಎಂದಳು. ಕುರ್ಚಿಯನ್ನು ಗೋಡೆಗೆ ಒರಗಿಸಿ ಬಂದಳು. ‘ಸ್ಪ್ಯಾಮ್‌ಗೆ ಹೋಗಿರ್ಬೇಕು ಅಂದ್ಕೊಂಡಿದ್ದೆ. ಮೂರು ವರ್ಷ ಹಂಗೇ ಅಂದ್ಕೊಂಡಿದ್ದೆ.’

ತಪ್ಪಾಯಿತು ಎಂದೆ. ಈಗಲಾದರೂ ಕೂಟದ ಪಟ್ಟಿಯಲ್ಲಿರುವ ಸಾವಿರದಿನ್ನೂರು ಜನಕ್ಕೂ ಬರೆದು ತಿಳಿಸುತ್ತೇನೆ ಎಂದೆ. ತಲೆ ಅಲ್ಲಾಡಿಸಿದಳು. ‘ಈಗ ಬೇಡ ಮೇಡಂ. ಆಗ ಬೇಕಿತ್ತು.’ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ ಹೊರಟುಹೋಯಿತು ಎಂದು ಪ್ರಯಾಣಿಕರಿಗೆ ಹೇಳುವಷ್ಟೇ ಸಹಜವಾಗಿ ಹೇಳಿದಳು.

ನಿನಗೆ ಆ ಮೇಲ್ ವಿಷಯ ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲವಂತೆ. ‘ನೀನೇ ಸುಮ್ಮನಿದ್ದೆ, ನಾನೇ ದೊಡ್ಡದು ಮಾಡಿ ಗೆಳೆತನ ಕಳ್ಕೊಂಡೆ ಅಂತ ಅಕ್ಕ ನನ್ನ ಹತ್ರ ಒಂದೆರಡು ಸಲ ಅಂದಿದ್ರು. ತಲುಪದೇ ಇರೋ ಮೇಲ್ ವಿಷಯ ಎತ್ತಿ ನಿಮ್ಮಿಬ್ಬರ ಮಧ್ಯೆ ಇನ್ನಷ್ಟು ಯಾಕೆ ಅಂತ ಬಾಯಿ ಬಿಡಲಿಲ್ಲ. ಈಗ ನೀವೇ ಹೇಳ್ಬಿಡಿ’ ಎಂದಳು.

ಹೇಳಿದ್ದೇನೆ. ನೀನು ಯಾವುದನ್ನೂ ದೊಡ್ಡದು ಮಾಡಿರಲಿಲ್ಲ. ಇದ್ದಷ್ಟನ್ನೇ ನೋಡಿದ್ದೆ. ಮೂರು ವರ್ಷ ನಿನ್ನ ಮೇಲೆ ನೀನೇ ಅನುಮಾನ ಪಡುವ ಹಾಗೆ ಮಾಡಿದವಳು ನಾನು.

ಕೆಳಗಿಳಿದು ಗ್ರಂಥಪಾಲಕರ ಮೇಜಿಗೆ ಹೋದೆವು. ಹಾಲಿನ ಅರ್ಜಿಯಲ್ಲಿ ‘ಜವಾಬ್ದಾರಿ ಹೊತ್ತವರು’ ಎಂಬ ಜಾಗದಲ್ಲಿ ಹನ್ನೊಂದು ವರ್ಷದಿಂದ ನನ್ನ ಹೆಸರಿತ್ತು. ಅದನ್ನು ಹೊಡೆದು ಅವಳ ಹೆಸರು ಬರೆದು ಸಹಿ ಹಾಕಿದೆ. ಗ್ರಂಥಪಾಲಕರು ಕನ್ನಡಕ ಮೇಲೆತ್ತಿ ‘ಯಾಕಮ್ಮ, ಊರು ಬಿಡ್ತಿದೀರಾ?’ ಎಂದರು. ಇಲ್ಲ ಸಾರ್, ಸ್ವಲ್ಪ ಮಲಗಬೇಕು ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು.

ಬೀದಿಗೆ ಬಂದ ಮೇಲೆ, ಏನಾದರೂ ಸಹಾಯ ಬೇಕಾದರೆ ಕೇಳು ಎಂದೆ ಅವಳಿಗೆ. ‘ಪ್ರೊಜೆಕ್ಟರ್ ವೈರ್ ಎಲ್ಲಿಡ್ತೀರ ಅಂತ ಹೇಳಿದ್ರೆ ಸಾಕು ಮೇಡಂ’ ಎಂದಳು. ಇಷ್ಟು ವರ್ಷದಲ್ಲಿ ನನ್ನಿಂದ ಬೇಕಾದದ್ದು ಅಷ್ಟೇ. ಎಡಗಡೆ ಬೀರುವಿನ ಕೆಳಗಿನ ಖಾನೆ ಎಂದು ಹೇಳಿ ಮನೆಗೆ ಬಂದೆ. ಭಾನುವಾರವೆಲ್ಲ ಮಲಗಿದ್ದೆ. ಸುಸ್ತು ಹೋಗಿಲ್ಲ.

ಮುಂದಿನ ತಿಂಗಳಿಂದ ನಿಮ್ಮವರು ಆ ಹಾಲಿನಲ್ಲಿ ಕೂರುತ್ತಾರೆ. ಕಿಟಕಿ ಪಕ್ಕದ ಫ್ಯಾನ್ ಹಾಕಿದರೆ ಮೈಕ್ ಗೊರಗೊರ ಎನ್ನುತ್ತದೆ, ಹಾಕಬೇಡಿ. ನಾನು ಬರುವುದಿಲ್ಲ. ಕರೆದರೂ ಬರುವುದಿಲ್ಲ ಎಂಬ ಜಂಬದಿಂದ ಹೇಳುತ್ತಿಲ್ಲ. ಯಾವ ಮುಖ ಹೊತ್ತು ಬರಲಿ ಎಂದು ಗೊತ್ತಿಲ್ಲ. ಈ ಪತ್ರಕ್ಕೆ ಉತ್ತರ ಬರೆಯಲೇಬೇಕೆಂದೂ ಇಲ್ಲ. ಉತ್ತರ ಬರೆಯದೇ ಇರುವುದನ್ನು ನನ್ನಿಂದಲೇ ಕಲಿತೆ ಎಂದುಕೊ.

ಕಾಲುನೋವು ಹೇಗಿದೆ? ಕುರ್ಚಿ ಎತ್ತಲು ಹೋಗಬೇಡ. ಹತ್ತೊಂಬತ್ತು ಜನ ಇದ್ದಾರಲ್ಲ, ಎತ್ತಲಿ.

ಇಂದಿಗೂ ನಿನ್ನವಳೇ ಎಂದುಕೊಂಡಿರುವ,
ಆಮೆ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಹಾಲ್ ಅವನ ಕಂಪನಿಯದು, ಆದ್ದರಿಂದ ಬೇಡ ಎನ್ನಲಾಗಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ನಂಬಬೇಡ. ಕಂಪನಿಯವರನ್ನು ನಾನು ಕೇಳಲೇ ಇಲ್ಲ. ಕೇಳಿದ್ದರೆ ಹೂಂ ಎನ್ನುತ್ತಿದ್ದರೇನೋ. ಆ ದಿನ ಸಭೆ ಶುರುವಾಗುವ ಮೊದಲು ಅವನು ನನ್ನನ್ನು ಪಕ್ಕಕ್ಕೆ ಕರೆದು, ‘ಇದೇ ಕೆಲಸವನ್ನ ನಮ್ಮ ಕಂಪನೀಲಿ ಉದ್ಯೋಗವಾಗಿ ಮಾಡಬಹುದಲ್ಲ, ನಿಮ್ಮ ಹೆಸರು ಹೇಳ್ತೀನಿ’ ಎಂದಿದ್ದ. ನೀರಿನ ದೂರುಗಳಿಂದ ಬಿಡುಗಡೆ ಸಿಗುತ್ತದೆ ಎಂದು ನನಗೆ ಕಣ್ಣು ಮಂಜಾಯಿತು. ಅದಕ್ಕೇ ಮೈಕ್ ಹಿಡಿದು ಚಹಾ ವಿರಾಮ ಎಂದದ್ದು. ಅದಕ್ಕೇ ಆ ಹುಡುಗಿಯ ಮೇಲ್ ಮುಚ್ಚಿಟ್ಟದ್ದು. ಆಮೇಲೆ ಅವನಿಗೆ ಎರಡು ಸಲ ಬರೆದೆ. ಅವನು ಉತ್ತರಿಸಲಿಲ್ಲ. ನಾನು ಆಗಲೂ ಇಷ್ಟೇ ದಣಿದಿದ್ದೆ ಕಣೇ. ನಿನಗೆ ಹೇಳಿದ್ದರೆ ನೀನು ಒಂದಿಷ್ಟು ಬೈದು, ಪಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಹೋಗಿ ಮಲಗು ಎನ್ನುತ್ತಿದ್ದೆ. ಅಷ್ಟು ಸುಲಭವಿತ್ತು. ಹೇಳಲಿಲ್ಲ.