ಹಾರ ಹಾಕಿಸಿಕೊಂಡ ಚಿಕ್ಕಪ್ಪನಿಗೆ

ದಿವಂಗತ ಚಿಕ್ಕಪ್ಪನಿಗೆ ನಿನ್ನ ಅಣ್ಣ ತಿಮ್ಮೇಶನ ಮಗಳು ಮಾನ್ಯ ಮಾಡುವ ನಮಸ್ಕಾರಗಳು.

‘ನಾವೆಲ್ಲ ಕ್ಷೇಮ, ನೀನು ಕ್ಷೇಮವೇ’ ಎಂದು ಶುರು ಮಾಡುವಷ್ಟು ನೆಮ್ಮದಿ ಭಾನುವಾರ ಸಂಜೆಯಿಂದ ನಮ್ಮ ಮನೆಯಲ್ಲಿ ಉಳಿದಿಲ್ಲ. ನೀನು ಕ್ಷೇಮವಾಗಿರುವುದೇ ಅದಕ್ಕೆ ಕಾರಣ. ಮೊದಲ ಸಾಲು ಓದಿ ಬೇಜಾರಾಗಬೇಡ, ನಿನ್ನನ್ನು ದಿವಂಗತನನ್ನಾಗಿ ಮಾಡಿದ್ದು ನಾನಲ್ಲ. ಚಾನೆಲ್‌ಗೆ ಫೋನ್ ಮಾಡಿದರೆ ಕಲಾವಿದರ ನಂಬರ್ ಕೊಡುವುದಿಲ್ಲ, ಬೇಕಾದರೆ ಕಾಗದ ಕಳಿಸಿ, ತಲುಪಿಸುತ್ತೇವೆ ಎಂದರು. ಹಾಗಾಗಿ ಈ ಕಾಲದಲ್ಲೂ ಕಾಗದ. ನಿನಗಿಂತ ಮೊದಲು ಇದನ್ನು ಬಿಚ್ಚಿ ಓದುತ್ತಿರುವ ಚಾನೆಲ್‌ನವರಿಗೂ ನಮಸ್ಕಾರ. ದಯವಿಟ್ಟು ಮಡಿಚಿ ಒಳಗಿಡಿ. ಇದು ನೀವು ದಿನವೂ ಒಡೆಯುವ ಸುದ್ದಿಯಲ್ಲ, ಬೆಸೆಯುವ ಸುದ್ದಿ.

ಗಾಯಕಿ ಇಂದುಶ್ರೀ ತೀರಿಕೊಂಡ ದಿನ ನಾನು ಕಾಲೇಜಿಗೆ ಹೋಗಿರಲಿಲ್ಲ. ಅವರ ಹಾಡಿನ ಹುಚ್ಚು ಹಿಡಿಸಿದ್ದು ನೀನೇ. ಕುರಿಗಳ ಹಿಂದೆ ಹೋಗುವಾಗ ಇಯರ್‌ಫೋನಿನ ಬಲತುದಿ ನಿನ್ನ ಕಿವಿಗೆ, ಎಡತುದಿ ನನ್ನ ಕಿವಿಗೆ. ವಯರೂ ಗಿಡ್ಡ, ನಾನೂ ಗಿಡ್ಡ; ನೀನು ದಾರಿಯುದ್ದಕ್ಕೂ ಬಗ್ಗಿಕೊಂಡೇ ನಡೆಯುತ್ತಿದ್ದೆ. ಇಂದುಶ್ರೀ ಹಾಡುಗಳಲ್ಲಿ ಕೊಳಲೇ ಇರುವುದಿಲ್ಲ ಎಂದು ನಾನು ಎಷ್ಟೋ ಕಾಲ ನಂಬಿದ್ದೆ. ಕೊಳಲೆಲ್ಲ ನಿನ್ನ ಕಿವಿಯ ಕಡೆಗಿತ್ತು.

ಅವರ ನೆನಪಿನ ‘ಗಾನ ನಮನ’ ಟಿವಿಯಲ್ಲಿ ಬರುತ್ತದೆಂದು ಗೊತ್ತಾದದ್ದೇ ಮನೆಯವರಿಗೆಲ್ಲ ಹೇಳಿಬಿಟ್ಟೆ: ಭಾನುವಾರ ಸಂಜೆ ರಿಮೋಟು ನನ್ನದು, ಧಾರಾವಾಹಿಯ ಯಾವ ಅತ್ತೆ ಯಾವ ಸೊಸೆಗೆ ವಿಷ ಹಾಕಿದರೂ ಮಾರನೆಯ ದಿನ ನೋಡಿಕೊಳ್ಳಿ ಎಂದು. ಚನ್ನಪಟ್ಟಣದಲ್ಲಿ ನನ್ನ ಗೆಳತಿ ಅಸ್ರಾ ತನ್ನ ಮನೆಯ ಟಿವಿ ಮುಂದೆ, ಇಲ್ಲಿ ನಾನು ನಮ್ಮ ಟಿವಿ ಮುಂದೆ. ನಡುವೆ ಫೋನಿನ ಸ್ಪೀಕರ್ ಹಾಕಿಕೊಂಡು ಇಬ್ಬರೂ ಜೊತೆಗೇ ಹಾಡುತ್ತಿದ್ದೆವು. ಶ್ರುತಿ ಸೇರಲಿಲ್ಲ, ನೆಟ್‌ವರ್ಕ್ ಮಾತ್ರ ಸೇರಿತ್ತು.

ಎಂಥ ಕಾರ್ಯಕ್ರಮ ಅಂತೀಯ. ವೇದಿಕೆಯ ನಡುವೆ ಮಲ್ಲಿಗೆ ಹಾರ ಹಾಕಿದ ಇಂದುಶ್ರೀ ಫೋಟೋ, ಮುಂದೆ ದೀಪ. ಎರಡನೆಯ ಹಾಡಿನಲ್ಲಿ ಪಲ್ಲವಿ ಮುಗಿಯುವ ಮುಂಚೆಯೇ ಕೊಳಲು ಕಳ್ಳನ ಹಾಗೆ ಒಳಗೆ ಬಂದಾಗ ನನ್ನ ಮೈ ಜುಮ್ಮೆಂದಿತು. ನಿನ್ನ ಕಿವಿಯಲ್ಲಿದ್ದದ್ದು ಇದೇ ಇರಬೇಕು ಎಂದುಕೊಂಡೆ. ಹಾಡುತ್ತಿದ್ದ ಹುಡುಗಿ ಮೇಲಿನ ಸ್ವರಕ್ಕೆ ಹತ್ತಿದ ಹಾಗೆಲ್ಲ ನಾನೂ ಕುರ್ಚಿಯ ಮೇಲೆ ಹತ್ತಿ ಕೂತಿದ್ದೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಪುಟ್ಟಗೌರಜ್ಜಿ, ಅಂದರೆ ನಿನ್ನವ್ವ, “ಸತ್ತೋರ್ ಮುಂದೆ ಏಟೊಂದ್ ಲೈಟವ್ವಾ. ನಮ್ ಬೈರನ್ ತಿಥೀಲಿ ಕರೆಂಟೇ ಇರ್ನಿಲ್ಲ” ಎಂದಳು.

ನಾಲ್ಕನೆಯ ಹಾಡು. ಕ್ಯಾಮೆರಾ ಹಾಡುವವರನ್ನು ಬಿಟ್ಟು ಹಿಂದಿನ ಸಾಲಿಗೆ ಹೋಯಿತು. ಅಜ್ಜಿಯ ಕೈ ನಿಂತಿತು. “ಅಲ್ನೋಡವ್ವಾ, ಆ ಪೆಟ್ಗೆ ಒತ್ತೋನು ನಮ್ ಬೈರನಂಗೇ ಮೆಲುಕ್ ಹಾಕ್ತಾವ್ನೆ.”

ಕೀಬೋರ್ಡ್ ಮುಟ್ಟಿದ ತಕ್ಷಣ ಬಾಯಲ್ಲಿ ಏನೂ ಇಲ್ಲದೆ ಕುರಿಯ ಹಾಗೆ ಮೆಲುಕು ಹಾಕುವವನು ಈ ಭೂಮಿಯ ಮೇಲೆ ಒಬ್ಬನೇ. ಟಿವಿಯೊಳಗೆ ಗಡ್ಡ ಬಿಟ್ಟ ನೀನು. ಟಿವಿಯ ನೆತ್ತಿಯ ಮೇಲೆ, ಗೋಡೆಯಲ್ಲಿ, ಗಂಧದ ಹಾರ ಹಾಕಿಕೊಂಡ ನೀನು. ಕೆಳಗಿನವನು ಬೆವರುತ್ತಿದ್ದ, ಮೇಲಿನವನು ಬೆವರುತ್ತಿರಲಿಲ್ಲ. ನನ್ನ ಬಾಯಲ್ಲಿದ್ದ ಹಾಡು ಅಲ್ಲೇ ಸತ್ತಿತು.

ಫೋನಿನಲ್ಲಿ ಅಸ್ರಾ, “ಯಾಕೆ ಮಾನ್ಯ, ನಿಲ್ಲಿಸ್ಬಿಟ್ಟೆ” ಎಂದಳು.

“ಟಿವೀಲಿ ನಮ್ ಚಿಕ್ಕಪ್ಪ ಅವ್ನೆ.”

“ಯಾವ ಚಿಕ್ಕಪ್ಪ?”

“ಸತ್ತೋಗವ್ನಲ್ಲ, ಆ ಚಿಕ್ಕಪ್ಪ.”

ಅವಳು ಜಾಣೆ, ತನ್ನ ಅಣ್ಣನ ಮೊಬೈಲ್ ಕಿತ್ತುಕೊಂಡು ಟಿವಿಯನ್ನೇ ವಿಡಿಯೋ ಮಾಡತೊಡಗಿದ್ದಳು.

ನೀನು ಹೇಗೆ ಸತ್ತೆ ಎಂಬುದು ನಿನಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ ಕೇಳು. ಕೊರೊನಾ ಎರಡನೆಯ ಸಲ ಬಂದಾಗ ನಿನ್ನ ನಂಬರ್ ಸತ್ತುಹೋಯಿತು. ಅದೇ ತಿಂಗಳು ನಿನ್ನ ಹಳೆಯ ಆರ್ಕೆಸ್ಟ್ರಾದವನೊಬ್ಬ, ಹೈದರಾಬಾದಿನ ಆಸ್ಪತ್ರೆಯಲ್ಲಿ ಕೀಬೋರ್ಡಿನವನೊಬ್ಬ ತೀರಿಹೋದನಂತೆ, ನಮ್ಮ ಕಡೆಯವನೇ ಅಂತೆ ಎಂದ. ಎರಡು ‘ಅಂತೆ’ಗಳ ನಡುವೆ ನಿನ್ನನ್ನು ಹುಡುಕಿ ಅಪ್ಪ ಸೋತ. ಕೊನೆಗೆ ತಾತ ಬೀರಲಿಂಗಯ್ಯ ಬೀರಪ್ಪನ ಗುಡಿಗೆ ಹೂ ಕೇಳಲು ಹೋದ. ದೇವರ ನೆತ್ತಿಯಿಂದ ಹೂವು ಬಲಕ್ಕೆ ಬಿದ್ದರೆ ಮಗ ಇದ್ದಾನೆ, ಎಡಕ್ಕೆ ಬಿದ್ದರೆ ಇಲ್ಲ. ಹೂವು ಬಿತ್ತು. ಪೂಜಾರಿ ಕರ್ಪೂರ ಹಚ್ಚುತ್ತಿದ್ದವನು ತಿರುಗುವಷ್ಟರಲ್ಲಿ ತಾತ ಅದನ್ನು ಎತ್ತಿಕೊಂಡು, “ಎಡ, ಎಡ” ಎಂದು ಅಳುತ್ತ ಕೂತಿದ್ದ. ಅಜ್ಜಿ ಅಂದೇ ಹೇಳಿದ್ದಳು: “ಬಿದ್ದದ್ದು ದೇವ್ರ ಬಲಕ್ಕೆ. ಎದುರ್ಗಡೆ ನಿಂತ್ಕಂಡು ನಿನ್ನೆಡನ ದೇವ್ರೆಡ ಅಂತೀಯಲ್ಲ.” ಯಾರೂ ಕೇಳಲಿಲ್ಲ. ಎಡ ಎಂದ ತಾತ ನಿನಗೆ ಎಡೆಯನ್ನೂ ಇಟ್ಟ. ಮೊದಲಿಂದ ಕೊನೆಯವರೆಗೆ ಎಡವಟ್ಟು. ಆ ಎಡೆಯ ಪಕ್ಕದಲ್ಲಿ ನಾನು ಕದ್ದು ನಮ್ಮ ಹಳೆಯ ಇಯರ್‌ಫೋನ್ ಇಟ್ಟಿದ್ದೆ. ಕಾಗೆ ಬಂತು, ಕೂತಿತು, ಮುಟ್ಟದೆ ಹೋಯಿತು. ವಯರು ನೋಡಿ ಹೆದರಿತೇನೋ ಎಂದುಕೊಂಡು ನಾನು ಯಾರಿಗೂ ಹೇಳಲಿಲ್ಲ.

ಹುಟ್ಟಿದಾಗಿನಿಂದ ಹೂ ಕೇಳಿದ ಮನುಷ್ಯನಿಗೆ ದೇವರ ಬಲ ಯಾವುದು ಎಂದು ಗೊತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ಗೊತ್ತಿತ್ತು ಚಿಕ್ಕಪ್ಪ. ನಿಶ್ಚಿತಾರ್ಥದ ದಿನ ನೀನು ಹೆಣ್ಣಿನ ಮನೆಗೆ ಹೊರಡುವುದು ಬಿಟ್ಟು ಕೀಬೋರ್ಡ್ ಹೊತ್ತು ಕನಕಪುರದ ಆರ್ಕೆಸ್ಟ್ರಾಕ್ಕೆ ಹೊರಟೆಯಲ್ಲ, ಆಗ ತಾತ ನಿನ್ನ ಕಿವಿಯ ಹತ್ತಿರ ಬಂದು ಹೇಳಿದ್ದು ನೆನಪಿದೆಯೇ? “ಹೊಸ್ಲು ದಾಟುದ್ರೆ ನನ್ ಪಾಲ್ಗೆ ಸತ್ತೆ ಕಣ್ಲಾ.” ನೀನು ದಾಟಿದೆ. ತಾನು ಆಡಿದ ಮಾತೇ ಹೋಗಿ ಮಗನನ್ನು ತಿಂದಿತು ಎಂದು ತಾತ ಒಳಗೊಳಗೇ ನಂಬಿಬಿಟ್ಟಿದ್ದ. ಅಂಥವನ ಕಣ್ಣಿಗೆ ಆ ಹೂವು ನೆಟ್ಟಗೆ ಮೇಲಕ್ಕೆ ಹಾರಿದ್ದರೂ ಎಡಕ್ಕೇ ಬೀಳುತ್ತಿತ್ತು.

ಭಾನುವಾರ ಕುರಿಗಳನ್ನು ಹಟ್ಟಿಗೆ ಕೂಡಿ ಒಳಗೆ ಬಂದ ತಾತನಿಗೆ ಅಸ್ರಾ ಕಳಿಸಿದ ವಿಡಿಯೋ ತೋರಿಸಿದೆ. ನಿನ್ನ ಮುಖ ನೋಡಿ, “ಯಾರೋ ಇದ್ದಂಗವ್ನೆ” ಎಂದು ತಿರುಗಿ ಹೊರಟ. ಆಸೆಪಟ್ಟು ಮತ್ತೆ ಮೋಸ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಆಗ ಕೊನೆಯಲ್ಲಿ ಹೆಸರುಗಳು ಬರುವ ಜಾಗದಲ್ಲಿ ನಿಲ್ಲಿಸಿ ಮುಂದೆ ಹಿಡಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದ: ಕೀಬೋರ್ಡ್, ಬೈರೇಶ್ ಕೈಲಾಂಚ.

ಚಿಕ್ಕಪ್ಪ, ಊರು ಬಿಟ್ಟವನು ಊರಿನ ಹೆಸರನ್ನು ಯಾಕೆ ಹೊತ್ತುಕೊಂಡು ತಿರುಗುತ್ತಿದ್ದೀಯ? ತಾತ ಗೋಡೆಗೊರಗಿ ಕೂತ. “ನಮ್ಮೂರ ಬುಡ್ನಿಲ್ವಲ್ಲೇ ಅವ್ನು” ಎಂದ. ಅಷ್ಟೇ.

ಅಜ್ಜಿ ಮಣೆಯ ಮೇಲೆ ಹತ್ತಿ ನಿನ್ನ ಹಾರ ಕೀಳಲು ಹೋದಳು. “ಮುಟ್ಬ್ಯಾಡ” ಎಂದು ತಾತ ಗುಡುಗಿದ. ಇನ್ನೂ ಸಿಟ್ಟಿದೆಯೇ ಎಂದುಕೊಂಡೆವು. “ಹಾಕ್ದೋನು ನಾನು. ತೆಗ್ಯೋನು ಅವ್ನೇ ಬರ್ಲಿ. ನಾ ನೋಡ್ಬೇಕು.”

ಅದರಿಂದ ಹಾರ ಹಾಗೇ ಇದೆ. ಆದರೆ ತಿಥಿ ಆದವನು ಸುಮ್ಮನೆ ಒಳಗೆ ಬರುವ ಹಾಗಿಲ್ಲ, ಮತ್ತೆ ಹುಟ್ಟಬೇಕು, ತೊಟ್ಟಿಲಿಗೆ ಹಾಕಿ ಹೆಸರಿಡಬೇಕು ಎಂದು ಪೂಜಾರಿ ಹೇಳಿದ್ದಾನೆ. ನಿನ್ನ ಹಳೆಯ ತೊಟ್ಟಿಲು ಅಟ್ಟದಿಂದ ಇಳಿದಿದೆ. ನಿನ್ನ ಒಂದು ಕಾಲು ಹಿಡಿಸಿದರೆ ಹೆಚ್ಚು. ಶಾಸ್ತ್ರಕ್ಕೆ ಅಷ್ಟು ಸಾಕಂತೆ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಮಾಗಡಿಯಲ್ಲಿ ನಿನ್ನ ಸಿದ್ದಮ್ಮತ್ತೆ ಸೀರೆಯನ್ನೂ ಗಂಟಲನ್ನೂ ಸಿದ್ಧ ಮಾಡಿಕೊಂಡಿದ್ದಳು. ತಾತ ತನ್ನ ತಂಗಿಯನ್ನೇ ಬೇಡವೆಂದುಬಿಟ್ಟ. “ಆ ಕಿವೀಗೆ ಸತ್ತೆ ಅಂದೋನು ನಾನು. ಹೆಸ್ರು ಹೇಳೋನೂ ನಾನೇ.”

ಈಗ ದಿನಾ ಸಂಜೆ ಹಟ್ಟಿಯಲ್ಲಿ ಕೂತು ಕುರಿಮರಿಗಳನ್ನು ಮಡಿಲಿಗೆ ಎಳೆದುಕೊಂಡು, ಕಿವಿಯಲ್ಲಿ ‘ಬೈರೇಶ್ ಕೈಲಾಂಚ’ ಎಂದು ಅಭ್ಯಾಸ ಮಾಡುತ್ತಿದ್ದಾನೆ. ಅರ್ಧಕ್ಕೇ ನಿಲ್ಲಿಸಿ ಇನ್ನೊಂದು ಮರಿ ಎಳೆದುಕೊಳ್ಳುತ್ತಾನೆ. ನೀನು ತಡ ಮಾಡಿದರೆ ಹಟ್ಟಿಯ ತುಂಬ ಬೈರೇಶರಾಗುತ್ತಾರೆ.

ತಿಥಿಯಾದ ಮನೆಗೆ ಅತಿಥಿಯಾಗಿ ಬರಬೇಡ, ಮಗುವಾಗಿ ಬಾ. ಬಗ್ಗಿಕೊಂಡು ಬಾ, ನಿನಗೆ ಅಭ್ಯಾಸವಿದೆ. ಈ ಸಲ ನನ್ನ ಕಿವಿಗಲ್ಲ, ತಾತನ ಬಾಯಿಗೆ ನಿನ್ನ ಕಿವಿ ನಿಲುಕಬೇಕು.

ಇನ್ನು ಮೇಲೆ ಹುಟ್ಟಲಿರುವವನು ನೀನಾದ್ದರಿಂದ ನಾನೇ ನಿನಗಿಂತ ದೊಡ್ಡವಳು. ಹಾಗಾಗಿ ಆಶೀರ್ವಾದವೂ ನನ್ನದೇ: ನೂರು ವರ್ಷ ಬಾಳು ಮಗನೇ, ಯಾವ ದೇವರ ಯಾವ ಕಡೆ ಹೂವು ಬಿದ್ದರೂ.

ನಿನ್ನ ಹಾಡುಗಳ ಎಡಗಿವಿಯ ಪಾಲುಗಾರ್ತಿ,
ಮಾನ್ಯ
ಕೈಲಾಂಚ