ಬೋರ್ಡಿನ ಮೇಲಿನ ಹೆಸರು

ತಿಪಟೂರು
೮-೧೦-೧೯೮೧

ಯಜಮಾನರ ಪಾದಗಳಿಗೆ ನಮಸ್ಕಾರ.

ನಿಮ್ಮ ಕಾಗದ ಸೋಮವಾರ ಸೇರಿತು. ನಾಲ್ಕು ವರ್ಷದಲ್ಲಿ ಇದು ಎರಡನೆಯದು. ಅರಸೀಕೆರೆಯ ನಿಮ್ಮ ಅಣ್ಣನವರ ಮನೆಯಲ್ಲಿ ನೀವು ಆರೋಗ್ಯವಾಗಿರುವುದು ತಿಳಿದು ಸಮಾಧಾನವಾಯಿತು. ನಾನೂ ಮಗಳೂ ಚೆನ್ನಾಗಿದ್ದೇವೆ. ದೀಪಾವಳಿಗೆ ಬಂದು ಇನ್ನು ಮೇಲೆ ಅಂಗಡಿಯಲ್ಲಿ ನೀವೇ ಕೂರುವುದಾಗಿ ಬರೆದಿದ್ದೀರಿ. ಬೋರ್ಡಿನ ಮೇಲೆ ಹೆಂಗಸಿನ ಹೆಸರು ಹೇಗೆ ಬಂತು ಎಂದೂ ಕೇಳಿದ್ದೀರಿ. ಹೇಳುತ್ತೇನೆ.

ಬಸ್ ಸ್ಟ್ಯಾಂಡನ್ನು ಊರಾಚೆಗೆ ಸಾಗಿಸಿದ ಮೇಲೆ ನಮ್ಮ ಗಾಣದ ಬೀದಿಗೆ ನರಪಿಳ್ಳೆಯೂ ಬರುತ್ತಿರಲಿಲ್ಲ. ಅದು ನೀವು ಕಂಡದ್ದೇ. ಪಾತ್ರೆ ಅಂಗಡಿಗೆ ಬೀಗ ಜಡಿದು, ಕೀಲಿಕೈ ನನ್ನ ಮುಂದಿಟ್ಟು, ಹಾಳೂರಿಗೆ ಉಳಿದವನೇ ಗೌಡ, ನೀನೇ ಇರು ಎಂದು ಹೊರಟಿರಿ. ಉಳಿದೆ.

ಹೋದ ವರ್ಷ ಬಟ್ಟೆ ಅಂಗಡಿಯ ಬೆಟ್ಟಸ್ವಾಮಣ್ಣ ಬೀದಿಯವರನ್ನೆಲ್ಲ ಸೇರಿಸಿದರು. ಬಿಳಿಗೆರೆ, ನೊಣವಿನಕೆರೆ ಕಡೆಯಿಂದ ಕೊಬ್ಬರಿ ಹೇರಿಕೊಂಡು ಬರುವ ಗಾಡಿಗಳನ್ನು ನಮ್ಮ ಬೀದಿಗೆ ತಿರುಗಿಸಬೇಕೆಂಬುದು ಅವರ ಹಟ. “ಎತ್ತಿಗೆ ನೀರು ತೋರ್ಸಿ ಕಣ್ರೀ, ಎತ್ತು ನಿಂತ್ರೆ ಗಾಡಿಯೋನೂ ನಿಂತ್ಕತಾನೆ” ಅಂದರು. ಬೀದಿಯ ತಲೆಯಲ್ಲಿ ಎಲ್ಲರೂ ಸೇರಿ ಕಲ್ಲಿನ ತೊಟ್ಟಿ ಕಟ್ಟಿಸಿದೆವು. ಅದನ್ನು ತುಂಬಿಸುವುದು ಅಂಗಡಿಗೊಂದು ದಿನ. ನನ್ನ ಸರದಿ ಗುರುವಾರ. ಗಾಡಿ ತಿರುಗಲೆಂದು ಎಲ್ಲರೂ ತಂತಮ್ಮ ಜಗಲಿಯನ್ನು ಎರಡಡಿ ಒಡೆದರು. ದುರ್ಗಯ್ಯ ಮಾತ್ರ ತಾತ ಕಟ್ಟಿಸಿದ್ದು ಎಂದು ಕಣ್ಣೀರು ಹಾಕಿದ. ಮಾರನೇ ದಿನ ಹಾರೆ ಹಿಡಿದು ಬಂದವನೂ ಅವನೇ.

ಬಾಗಿಲು ಮುಚ್ಚಿದ ಅಂಗಡಿಯಿದ್ದರೆ ಬೀದಿ ಬೋಳಾಗಿ ಕಾಣುತ್ತದೆ ಎಂದು ನನ್ನ ಕೈಯಲ್ಲೂ ಬೀಗ ತೆಗೆಸಿದರು. ಉಳಿದಿದ್ದ ಪಾತ್ರೆಗಳನ್ನು ಬದಿಗೆ ಸರಿಸಿ, ಗಾಡಿಯವರಿಗೆ ಬೇಕಾದ ಹಗ್ಗ, ಮೂಗುದಾರ, ಎತ್ತಿನ ಗೆಜ್ಜೆ ಇಟ್ಟೆ. ಮೊದಲ ತಿಂಗಳು ನೊಣ ಹೊಡೆದದ್ದೇ ಬಂತು. ಈಗ ಸಂತೆ ದಿನ ಊಟಕ್ಕೆ ಏಳಲೂ ಪುರಸೊತ್ತಿಲ್ಲ. ಹೇಳಿಕೊಳ್ಳಬಾರದು, ಆದರೂ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ನನಗೆ ಖುಷಿಯಾಗುತ್ತದೆ.

ಇನ್ನು ಬೋರ್ಡಿನ ವಿಷಯ. ಎಲ್ಲ ಅಂಗಡಿಗೂ ಒಂದೇ ಬಣ್ಣದ ಬೋರ್ಡು ಎಂದು ತೀರ್ಮಾನವಾಗಿತ್ತು. ಬರೆಯಲು ಬಂದವನು ಬೇರೆ ಊರಿನವನು. ನಮ್ಮ ಬಾಗಿಲಿಗೆ ಬಂದಾಗ ಅಕ್ಕಪಕ್ಕದವರು ಯಾರೂ ಇರಲಿಲ್ಲ. ಯಜಮಾನರ ಹೆಸರೇನು ಎಂದು ಕೇಳಿದ. ಮದುವೆಯಾದಾಗಿನಿಂದ ಒಮ್ಮೆಯೂ ಬಾಯಲ್ಲಿ ಆಡದ ಹೆಸರನ್ನು ಹೇಗೆ ಹೇಳಲಿ? “ನಿಮ್ದಾದ್ರೂ ಹೇಳವ್ವ, ಬಣ್ಣ ಒಣಗ್ತದೆ” ಅಂದ. ಹೇಳಿದೆ. ಅವನು ಬರೆದೇಬಿಟ್ಟ. ಪದ್ಧತಿ ಮೀರಲಾಗದೆ ಆದ ತಪ್ಪು, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ.

ಹಬ್ಬಕ್ಕೆ ಖಂಡಿತ ಬನ್ನಿ. ಮಗಳು ದಿನ ಎಣಿಸುತ್ತಿದ್ದಾಳೆ. ಒಬ್ಬಟ್ಟು ಮಾಡುತ್ತೇನೆ.

ಇಂತಿ,
ಚಿಕ್ಕಗೌರಮ್ಮ

ತಾ.ಕ.: ಕಾಗದ ಅಂಟಿಸುವ ಮುಂಚೆ ಮತ್ತೊಮ್ಮೆ ಓದಿದೆ. ಬೋರ್ಡಿನವನು ನನ್ನ ಹೆಸರು ಕೇಳಲೇ ಇಲ್ಲ. ಯಜಮಾನರ ಹೆಸರು ಬಾಯಲ್ಲಿ ಹೇಳಲಾಗದಿದ್ದರೆ ಬರೆದು ತೋರಿಸಿ ಎಂದು ಸೀಮೆಸುಣ್ಣ ಕೊಟ್ಟ. ಬಾಗಿಲ ಹಲಗೆಯ ಮೇಲೆ ನಿಮ್ಮ ಹೆಸರನ್ನೇ ಬರೆದೆ. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಸೆರಗಿನಿಂದ ಒರೆಸಿ, ನನ್ನದನ್ನು ಬರೆದೆ.